ಮೂವತ್ತೊಂದು ಕನ್ನಡಕ, ಒಂದೇ ನಂಬರು

ಗಾಜಮ್ಮ ಎನ್ನುವುದು ಅವಳಿಗೆ ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತೆಂಟು ವರ್ಷ ಕನ್ನಡಕದ ಗಾಜು ಅರೆದದ್ದಕ್ಕೆ ಕೆಲಸದ ಮನೆ ಕೊಟ್ಟ ಬಡ್ತಿ. ಬೇರೆ ಬಡ್ತಿ ಯಾವುದೂ ಬರಲಿಲ್ಲವಾದ್ದರಿಂದ ಅವಳು ಇದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಗಾಜು ಹೋಗಿ ಪ್ಲಾಸ್ಟಿಕ್ಕು ಬಂದು ಎಷ್ಟೋ ಕಾಲವಾಗಿತ್ತು; ಆದರೆ ಪ್ಲಾಸ್ಟಿಕ್ಕಮ್ಮ ಅಂತ ಕರೆಸಿಕೊಳ್ಳುವ ಉಮೇದು ಅವಳಿಗಿರಲಿಲ್ಲ, ಕರೆಯುವ ಧೈರ್ಯ ಬೇರೆಯವರಿಗಿರಲಿಲ್ಲ.

ಅಂಗಡಿಗೆ ಎರಡು ಕೋಣೆ. ಮುಂದಿನದರಲ್ಲಿ ಆಳೆತ್ತರದ ಕನ್ನಡಿ, ಮುಖ ಚೆಂದ ಕಾಣಿಸುವ ಹಳದಿ ದೀಪ, ಗಿರಾಕಿ ಕೂತರೆ ಏಳಲು ಮನಸ್ಸಾಗದಂಥ ಮೆತ್ತನೆಯ ಕುರ್ಚಿ. ಹಿಂದಿನದರಲ್ಲಿ ಮೂರು ಯಂತ್ರ, ಸದಾ ತೊಟ್ಟಿಕ್ಕುವ ಒಂದು ನಲ್ಲಿ, ನೆಲದ ಮೇಲೆ ಸುಣ್ಣದ ನೀರಿನಂಥ ರಾಡಿ, ಕಾಲು ಮುರಿದು ತಂತಿ ಸುತ್ತಿಸಿಕೊಂಡ ಒಂದು ಸ್ಟೂಲು. ಗಿರಾಕಿಗೆ ಹಿಂದಿನ ಕೋಣೆ ಕಾಣುವುದಿಲ್ಲ. ಹಿಂದಿನ ಕೋಣೆಯವರಿಗೆ ಗಿರಾಕಿ ಕಾಣುವುದಿಲ್ಲ, ಅವನ ನಂಬರು ಮಾತ್ರ ಕಾಣುತ್ತದೆ. ಗಾಜಮ್ಮನಿಗೆ ಈ ಏರ್ಪಾಡು ಒಪ್ಪಿಗೆಯಾಗಿತ್ತು. ಮನುಷ್ಯರ ಮುಖಕ್ಕಿಂತ ಅವರ ನಂಬರಿನಲ್ಲಿ ಸುಳ್ಳು ಕಡಿಮೆ ಎಂದು ಅವಳ ಲೆಕ್ಕ.

ಅವಳು ಕೆಲಸಕ್ಕೆ ಸೇರಿದ್ದು ರಾಡಿ ಬಳಿಯಲು. ಬಳಿಯುತ್ತ ಬಳಿಯುತ್ತ ನೋಡಿದಳು, ನೋಡುತ್ತ ನೋಡುತ್ತ ಕಲಿತಳು. ಮೂರು ವರ್ಷ ಕಳೆಯುವಷ್ಟರಲ್ಲಿ ಬಿಲ್ಲೆಯನ್ನು ಬೆರಳ ತುದಿಯಲ್ಲಿ ಸವರಿ, “ಇದು ಪ್ಲಸ್ಸು, ಒಂದೂವರೆ ಹತ್ರ ಇದೆ” ಎನ್ನುವ ಮಟ್ಟಕ್ಕೆ ಬಂದಳು. ಆಗಿನ್ನೂ ಹಳೇ ಯಜಮಾನರ ಕಾಲ. ಗೋಡೆಗೆ ಒಂದು ಸ್ಲೇಟು ತೂಗುಹಾಕಿತ್ತು. ಮುಂದಿನ ಕೋಣೆಯಿಂದ ನಂಬರು ಕೂಗುವರು, ಹತ್ತಿರ ಇದ್ದವರು ಯಾರಾದರೂ ಸ್ಲೇಟಿನ ಮೇಲೆ ಬರೆಯುವರು, ಅರೆಯುವವರು ಕತ್ತೆತ್ತಿ ನೋಡಿ ಅರೆಯುವರು. ಅದು ಮುಗಿದರೆ ಒರೆಸಿ ಮುಂದಿನದು. ದಿನಕ್ಕೆ ನಾಲ್ಕು ಜೊತೆ ಇರುವವರೆಗೆ ಚೆನ್ನಾಗಿಯೇ ನಡೆಯಿತು. ಒಂದು ಮಧ್ಯಾಹ್ನ ಅವಳು ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ಯಾರೋ ಸ್ಲೇಟು ಒರೆಸಿ ಮುಂದಿನವರ ನಂಬರು ಬರೆದುಬಿಟ್ಟಿದ್ದರು. ಒಬ್ಬ ಶಾಲಾ ಮೇಷ್ಟರಿಗೆ ಒಬ್ಬ ದರ್ಜಿಯ ಕನ್ನಡಕ ಹೋಯಿತು. ಮೇಷ್ಟರು ಎರಡು ದಿನ ಸಹಿಸಿಕೊಂಡು ಮೂರನೆಯ ದಿನ ಬಂದರು.

“ಗಲಾಟೆ ಮಾಡೋದು ಕೇಳ್ಸುತ್ತಮ್ಮ, ಮಾಡೋರು ಯಾರು ಅಂತ ಕಾಣಲ್ಲ. ಎರಡು ದಿನದಿಂದ ಯಾರಿಗೋ ಬೈಯೋದನ್ನ ಇನ್ಯಾರಿಗೋ ಬೈತಾ ಇದೀನಿ.”

ಆವತ್ತು ಗಾಜಮ್ಮ ಒಂದು ಹಳೇ ಕ್ಯಾಲೆಂಡರಿನ ಹಾಳೆ ಹರಿದು, ತುಂಡು ಮಾಡಿ, ಪ್ರತಿ ತುಂಡಿನ ಮೇಲೂ ಒಬ್ಬೊಬ್ಬರ ನಂಬರು ಬರೆದು, ಅವರವರ ಬಿಲ್ಲೆ ಮತ್ತು ಫ್ರೇಮಿನ ಜೊತೆ ಅವರವರ ಟ್ರೇಯಲ್ಲಿ ಇಟ್ಟಳು. “ಇನ್ಮೇಲೆ ಟ್ರೇ ಎಲ್ಲಿಗೆ ಹೋದ್ರೂ ಅದರ ನಂಬರು ಅದರ ಹೊಟ್ಟೇಲೇ ಇರುತ್ತೆ. ಗೋಡೆ ಮೇಲೆ ಯಾರು ಏನು ಗೀಚ್ಕೊಂಡ್ರೂ ನನಗೆ ಸಂಬಂಧ ಇಲ್ಲ” ಎಂದಳು. ಹಳೇ ಯಜಮಾನರು ಕಾಗದ ದಂಡ ಎಂದು ಗೊಣಗಿ, ಒಂದು ವಾರ ಮುಖ ಊದಿಸಿಕೊಂಡಿದ್ದು, ಎರಡನೆಯ ವಾರ ಇದು ತಮ್ಮದೇ ಯೋಚನೆ ಎಂದು ಹೇಳಿಕೊಂಡು ತಿರುಗಿದರು. ಸ್ಲೇಟು ನೀರಿನ ಡ್ರಮ್ಮಿನ ಮುಚ್ಚಳವಾಯಿತು.

ಚೀಟಿಯ ಮಹಿಮೆ ಪೂರ್ತಿ ಗೊತ್ತಾದದ್ದು ಒಬ್ಬ ಲಾರಿ ಡ್ರೈವರನಿಂದ. ಕನ್ನಡಕಕ್ಕೆ ಹೇಳಿ ಹೋದವನು ಎರಡು ವರ್ಷ ನಾಪತ್ತೆ. ಮತ್ತೆ ಬಂದು ನಿಂತಾಗ, ಅವನ ನಂಬರು ಬರೆದುಕೊಂಡಿದ್ದ ಹುಡುಗಿ ಮದುವೆಯಾಗಿ ಹೋಗಿದ್ದಳು, ಪರೀಕ್ಷೆ ಮಾಡಿದ್ದ ಡಾಕ್ಟರು ಊರು ಬಿಟ್ಟಿದ್ದರು, ಪುಸ್ತಕ ಇಲಿಯ ಪಾಲಾಗಿತ್ತು. ಗಾಜಮ್ಮ ಅಟ್ಟದಿಂದ ಟ್ರೇ ಇಳಿಸಿ ಧೂಳು ಕೊಡವಿದಳು. ಚೀಟಿ ತನ್ನ ಪಾಡಿಗೆ ತಾನು ಒಳಗೆ ಮಲಗಿತ್ತು. ಅರ್ಧ ಗಂಟೆಯಲ್ಲಿ ಅವನ ಮೂಗಿನ ಮೇಲೆ ಕನ್ನಡಕ ಇತ್ತು.

ಹೀಗೆ ಇಪ್ಪತ್ತೈದು ವರ್ಷ. ಹಳೇ ಯಜಮಾನರು ಹೋಗಿ ಅವರ ಮಗ ಯಜಮಾನರಾದರು. ಯಜಮಾನರ ಮಗಳಿಗೆ ಮದುವೆಯಾಗಿ ಅಳಿಯ ಬಂದ. ಬಂದ ಅಳಿಯ ಮಾವನ ಮನೆಯಲ್ಲಿ ಕೂರದೆ ಮಾವನ ಅಂಗಡಿಯಲ್ಲಿ ಕೂತ. ಕಂಪ್ಯೂಟರು ಓದಿದವನು, ಮಾತಿನಲ್ಲಿ ಮೆದು, ಅಂಗಿ ಯಾವಾಗಲೂ ಇಸ್ತ್ರಿ. ಅವನ ನಿಜವಾದ ಹೆಸರನ್ನು ಯಾರೂ ಬಳಸಲಿಲ್ಲ. ಇಡೀ ಅಂಗಡಿಗೆ ಅವನು ಅಳಿಯನೇ. ಅವನು ಗಾಜಮ್ಮನನ್ನು ‘ಆಂಟಿ’ ಎನ್ನುತ್ತಿದ್ದ. ಅವಳು ಅವನನ್ನು ‘ಅಳಿಯಂದಿರೇ’ ಎನ್ನುತ್ತಿದ್ದಳು. ಎರಡರಲ್ಲೂ ಸಕ್ಕರೆ ಇತ್ತು, ಎರಡರಲ್ಲೂ ಮರಳೂ ಇತ್ತು.

ಅಳಿಯ ಆರು ತಿಂಗಳು ಕೂತು ಒಂದು ಪ್ರೋಗ್ರಾಂ ಬರೆದ. ಇನ್ನು ಚೀಟಿ ಬೇಡ. ಪ್ರತಿ ಟ್ರೇಗೆ ಒಂದು ಗುರುತಿನ ಸ್ಟಿಕ್ಕರು ಅಂಟಿಸಿದರೆ ಸಾಕು, ಟ್ರೇಯನ್ನು ಯಂತ್ರದ ಮುಂದೆ ಹಿಡಿದಾಗ ಪರದೆಯ ಮೇಲೆ ನಂಬರು ತಾನಾಗಿ ಬರುತ್ತದೆ, ಯಂತ್ರವೂ ಅದೇ ನಂಬರಿಗೆ ಅಣಿಯಾಗುತ್ತದೆ. ಮೊದಲ ದಿನ ಯಜಮಾನರು ತಮ್ಮ ಕೈಯಾರೆ ಗಾಜಮ್ಮನ ಚೀಟಿಯ ಡಬ್ಬಿಯನ್ನು ಎತ್ತಿ ಮೇಲಿಟ್ಟರು.

“ಚೀಟಿ ಹಾಕ್ಕೊಂಡ್ರೆ ಏನು ನಷ್ಟ?” ಎಂದಳು.

“ನಂಬಿಕೆ ನಷ್ಟ ಆಂಟಿ. ಚೀಟಿ ಇದ್ರೆ ನೀವು ಪರದೆ ನೋಡಲ್ಲ” ಎಂದ ಅಳಿಯ.

“ಹೌದು. ನೋಡಲ್ಲ” ಎಂದಳು ಗಾಜಮ್ಮ.

ಎರಡು ವಾರ ಎಲ್ಲವೂ ಬೆಣ್ಣೆಯಂತೆ ನಡೆಯಿತು. ಒಬ್ಬರು ಬರುವರು, ಅವರ ನಂಬರು ಹಾಕುವರು, ಟ್ರೇ ಒಳಗೆ ಬರುವುದು, ಪರದೆ ಸರಿಯಾದ ನಂಬರನ್ನೇ ಹೇಳುವುದು. ಗಾಜಮ್ಮ ಒಳಗೊಳಗೇ ಒಂದು ತಪ್ಪಿಗಾಗಿ ಕಾದು ಕೂತಿದ್ದಳು ಎನ್ನುವುದನ್ನು ಮುಚ್ಚಿಡುವುದು ಬೇಡ. ಸಿಗಲಿಲ್ಲ. ಅವಳಿಗೆ ಸ್ವಲ್ಪ ಬೇಜಾರಾಯಿತು.

ಆಮೇಲೆ ನೂಲಿನ ಗಿರಣಿಯ ಆರ್ಡರು ಬಂತು. ಗಿರಣಿಯವರು ತಮ್ಮ ಕೆಲಸಗಾರರಿಗೆಲ್ಲ ಒಂದೇ ದಿನ ಕಣ್ಣಿನ ಪರೀಕ್ಷೆ ಮಾಡಿಸಿ, ಮೂವತ್ತೊಂದು ಜನರ ನಂಬರಿನ ಪಟ್ಟಿಯನ್ನು ಒಟ್ಟಿಗೆ ಕಳಿಸಿದ್ದರು. ಯಜಮಾನರು ನೆಂಟರ ಮದುವೆಗೆಂದು ಊರಲ್ಲಿರಲಿಲ್ಲ. ಅಳಿಯ ಪಟ್ಟಿಯನ್ನು ಒಂದೇ ಏಟಿಗೆ ಪ್ರೋಗ್ರಾಮಿಗೆ ಉಣಿಸಿ, ಮೂವತ್ತೊಂದು ಟ್ರೇಗೆ ಗುರುತು ಅಂಟಿಸಿ ಒಳಗೆ ಕಳಿಸಿದ.

ಮೊದಲ ಟ್ರೇ ಹಿಡಿದಳು: ಎರಡೂ ಕಣ್ಣಿಗೆ ಮೈನಸ್ ಆರೂವರೆ. ಪಾಪ, ಯಾರೋ ಕಣ್ಣು ತೀರಾ ಕೆಟ್ಟವರು ಅಂದುಕೊಂಡಳು. ಎರಡನೆಯದು: ಮೈನಸ್ ಆರೂವರೆ. ಅಣ್ಣತಮ್ಮಂದಿರಿರಬೇಕು. ಮೂರನೆಯದೂ ಅದೇ. ಯಂತ್ರ ನಿಲ್ಲಿಸಿ ಮುಂದಿನ ಕೋಣೆಗೆ ಹೋದಳು.

“ಅಳಿಯಂದಿರೇ, ಒಂದೇ ನಂಬರು ಬರ್ತಾ ಇದೆ.”

“ಒಂದೇ ಗಿರಣಿ, ಒಂದೇ ಥರ ಕೆಲಸ ಅಲ್ವಾ ಆಂಟಿ. ಕಣ್ಣೂ ಒಂದೇ ಥರ ಆಗಿರುತ್ತೆ.”

ಒಳಗೆ ಬಂದಳು. ಏಳನೆಯ ಟ್ರೇಗೆ ಮತ್ತೆ ನಿಲ್ಲಿಸಿದಳು. ಈ ಸಲ ಅಳಿಯ ತಲೆಯೂ ಎತ್ತಲಿಲ್ಲ. “ಪರದೆ ಏನು ಹೇಳುತ್ತೋ ಅದನ್ನ ಅರೀರಿ ಆಂಟಿ. ಗುರುವಾರ ಕೊಡಬೇಕು.”

ಗಾಜಮ್ಮನ ಇಪ್ಪತ್ತೆಂಟು ವರ್ಷದಲ್ಲಿ ತಪ್ಪು ಎನ್ನುವುದೊಂದು ಇದ್ದರೆ ಅದು ಇದೇ: ಮೂರನೆಯ ಸಲ ಅವಳು ಯಂತ್ರ ನಿಲ್ಲಿಸಲಿಲ್ಲ. ಮೂವತ್ತೊಂದನ್ನೂ ಅರೆದಳು. ಮುಂದಿನ ಕೋಣೆಯಲ್ಲೂ ಟ್ರೇ ಹಿಡಿದು, ಪರದೆ ಹೇಳಿದ ನಂಬರಿಗೂ ಗಾಜಿಗೂ ತಾಳೆ ನೋಡಿದರು. ತಾಳೆಯಾಯಿತು. ಆಗದೆ ಏನು, ಎರಡೂ ಒಂದೇ ಬಾವಿಯ ನೀರು.

ಶುಕ್ರವಾರ ಗಿರಣಿಯಲ್ಲಿ ಕನ್ನಡಕ ಹಂಚಿದರಂತೆ. ನೂಲಿನ ಎಳೆ ಸ್ಪಷ್ಟವಾಗಿ ಕಾಣಲೆಂದು ಹಾಕಿಕೊಂಡವರಿಗೆ ನೂಲು ಹೋಗಲಿ, ಮಗ್ಗುಲಲ್ಲಿದ್ದ ಯಂತ್ರವೇ ಮೈಲಿ ದೂರ ಓಡಿತು. ಒಬ್ಬ ಮೇಸ್ತ್ರಿ ಮೆಟ್ಟಿಲು ಇದೆಯೆಂದು ಸಮನೆಲದ ಮೇಲೆ ಕಾಲೆತ್ತಿ ಇಟ್ಟು ಮುಗ್ಗರಿಸಿದ. ಇಬ್ಬರಿಗೆ ವಾಂತಿ. ಸೋಮವಾರ ಬೆಳಗ್ಗೆ ಒಂದು ರಟ್ಟಿನ ಪೆಟ್ಟಿಗೆ ಅಂಗಡಿಯ ಕಟ್ಟೆಯ ಮೇಲೆ ಬಂದು ಕೂತಿತು, ಜೊತೆಗೆ ಒಂದು ಪತ್ರ: ಹೀಗೇಕಾಯಿತು ಎಂದು ಬರಹದಲ್ಲಿ ತಿಳಿಸಿ, ಇಲ್ಲವಾದರೆ ನಿಮ್ಮ ಅಂಗಡಿಗೆ ನಮ್ಮ ನಮಸ್ಕಾರ.

ಮದುವೆಯಿಂದ ಬಂದಿದ್ದ ಯಜಮಾನರು ಗಾಜಮ್ಮನನ್ನು ಕರೆದರು. ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು. ಆ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಕೂತ ತಕ್ಷಣ ಏನೋ ಎಡವಟ್ಟಿದೆ ಎಂದು ಅವಳ ಬೆನ್ನಿಗೆ ಗೊತ್ತಾಯಿತು.

“ವಯಸ್ಸಾಗೋದು ಯಾರ ತಪ್ಪೂ ಅಲ್ಲ ಗಾಜಮ್ಮ” ಎಂದು ಶುರು ಮಾಡಿದರು.

“ನಲವತ್ತೊಂಬತ್ತಕ್ಕಾ?”

“ಕಣ್ಣಿಗೆ ಬೇರೆ ವಯಸ್ಸು ಇರುತ್ತೆ.” ಒಂದು ಹಾಳೆ ಮುಂದೆ ಇಟ್ಟರು. ಗಿರಣಿಗೆ ಬರೆದ ಉತ್ತರ. ನಮ್ಮ ಅರೆಯುವ ಕೆಲಸದವರ ದೃಷ್ಟಿದೋಷದಿಂದ ಈ ಪ್ರಮಾದ ನಡೆದಿರುತ್ತದೆ, ಅವರನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಕೆಳಗೆ ಅವಳ ಸಹಿಗೆ ಜಾಗ. “ಮನೇಲಿ ಆರಾಮಾಗಿರಿ. ನಿಮ್ಮನ್ನ ಕೈ ಬಿಡಲ್ಲ. ಇದೊಂದು ಸಹಿ ಹಾಕಿಬಿಡಿ.”

“ನಾನು ಹೇಳಿದ್ದೆ. ಎಲ್ಲ ಟ್ರೇಗೂ ಒಂದೇ ನಂಬರು ಬರ್ತಾ ಇದೆ ಅಂತ ಎರಡು ಸಲ ಬಂದು ಹೇಳಿದ್ದೆ. ಕೇಳಿ ಅವರನ್ನ.”

ಅಳಿಯ ಕನ್ನಡಿಯ ಕಡೆ ನೋಡಿದ. “ನೆನಪಿಲ್ಲ. ಆವತ್ತು ಫೋನಿನ ಮೇಲೆ ಫೋನು.” ಆಮೇಲೆ ಪರದೆಯನ್ನು ಅವಳ ಕಡೆ ತಿರುಗಿಸಿದ. “ಆದರೆ ಆಂಟಿ, ನೀವೇ ನೋಡಿ. ಪಟ್ಟಿ ಇಲ್ಲಿದೆ. ಮೂವತ್ತೊಂದು ಜನ, ಬೇರೆ ಬೇರೆ ನಂಬರು. ಒಂದೇ ನಂಬರು ಎಲ್ಲಿದೆ?”

ಗಾಜಮ್ಮ ನೋಡಿದಳು. ಪ್ಲಸ್ ಒಂದೂವರೆ, ಪ್ಲಸ್ ಎರಡು, ಮೈನಸ್ ಮುಕ್ಕಾಲು... ನಿಜ, ಬೇರೆ ಬೇರೆಯೇ. ಬೆರಳಿಟ್ಟು ಸಾಲು ಸಾಲಾಗಿ ಮತ್ತೊಮ್ಮೆ ನೋಡಿದಳು. ಸಾಕ್ಷಿಗಿದ್ದವರು ಹಿಂದಿನ ಕೋಣೆಯ ಪಾಲಿಶ್ ಯಂತ್ರದ ಮುದುಕರೊಬ್ಬರೇ, ಎಲ್ಲರ ಪಾಲಿಶ್ ಮಾವ. ಅವರನ್ನು ಕರೆದು ಕೇಳಿದರೆ, “ಏನಂದ್ರೀ?” ಎಂದರು. ಆ ಯಂತ್ರ ಅವರ ಕಿವಿಯನ್ನು ಎಂದೋ ನುಂಗಿ ನೀರು ಕುಡಿದಿತ್ತು. ಮತ್ತೊಮ್ಮೆ ಕೂಗಿ ಕೇಳಿದಾಗ, “ನಾನು ಏನೂ ಕೇಳಿಲ್ಲಪ್ಪ. ಹತ್ತು ವರ್ಷದಿಂದ ಏನೂ ಕೇಳಿಲ್ಲ” ಎಂದು ಪ್ರಾಮಾಣಿಕವಾಗಿ ಹೇಳಿದರು.

“ಸಹಿ ಹಾಕಲ್ಲ” ಎಂದು ಎದ್ದಳು ಗಾಜಮ್ಮ. ಪತ್ರವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಅದನ್ನ ಯಾಕೆ ತಗೊಂಡು ಹೋಗ್ತೀರ?” ಎಂದರು ಯಜಮಾನರು.

“ನನ್ನ ಬಗ್ಗೆ ಬರೆದಿದೀರಲ್ಲ. ಓದ್ಕೊಬೇಡವಾ? ಬುಧವಾರದ ತನಕ ಟೈಮ್ ಕೊಡಿ. ಅಷ್ಟರಲ್ಲಿ ಕಣ್ಣು ಯಾರದ್ದು ಹೋಗಿದೆ ಅಂತ ಹೇಳ್ತೀನಿ.”

ಮನೆಯಲ್ಲಿ ಗಂಡ ಬಸ್ಸಿನ ಪಾಳಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದ. ಸ್ಟೇರಿಂಗು ಹಿಡಿದೂ ಹಿಡಿದೂ ಯಾವ ವಿಷಯಕ್ಕೂ ಗಡಿಬಿಡಿ ಮಾಡದ ಆಸಾಮಿ. ಎಲ್ಲ ಕೇಳಿ, “ನಿನ್ನ ಕಣ್ಣು ಹೋಗಿರೋಕೆ ಸಾಧ್ಯ ಇಲ್ಲ. ಮೊನ್ನೆ ನನ್ನ ಅಂಗಿ ಮೇಲೆ ಎಲ್ಲೋ ಮೂಲೇಲಿದ್ದ ಚಹಾ ಕಲೆ ಬೀದಿ ಆ ಕಡೆಯಿಂದ ಕಂಡ್ಹಿಡಿದೆ” ಎಂದ.

“ತಮಾಷೆ ಸಾಕು. ಒಂದು ವೇಳೆ ನಿಜವಾಗ್ಲೂ...”

ಅವಳ ಬಾಯಲ್ಲಿ ‘ಒಂದು ವೇಳೆ’ ಎಂಬ ಮಾತು ಅವನು ಕೇಳಿದ್ದು ಕಡಿಮೆ. ಕಾಲು ಮಡಿಸಿಕೊಂಡ. “ನಾಳೆ ಹೋಗಿ ತೋರಿಸ್ಕೊಂಡು ಬಾ. ಬೇರೆಯವರ ಕಣ್ಣಿಗೆಲ್ಲ ಗಾಜು ಹಾಕಿದೀಯ, ನಿನ್ನ ಕಣ್ಣಿನ ಕಾಗದ ಒಂದೂ ಇಲ್ಲ ನಮ್ಮ ಮನೇಲಿ.”

ಮಂಗಳವಾರ ಬೆಳಗ್ಗೆ ಹೋದಳು. ಡಾಕ್ಟರಮ್ಮ ಅಕ್ಷರ ಓದಿಸಿದರು, ಬೆಳಕು ಬಿಟ್ಟರು, ಬಣ್ಣದ ಚುಕ್ಕಿ ತೋರಿಸಿದರು. “ಹತ್ರಕ್ಕೆ ಪ್ಲಸ್ ಒಂದೂವರೆ. ನಿಮ್ಮ ವಯಸ್ಸಿಗೆ ಎಲ್ಲರಿಗೂ ಇರೋದೇ. ಮೂಗಿನ ಮೇಲೆ ಇರೋದು ಸರಿಯಾಗೇ ಇದೆ. ಯಾರು ಮಾಡಿದ್ದು?”

“ನಾನೇ.”

ಕಾಗದ ಹಿಡಿದು ಹೊರಗೆ ಬಂದಾಗ ಅವಳ ನಡಿಗೆ ಬದಲಾಗಿತ್ತು. ಅಂಗಡಿಗೆ ಬಂದವಳೇ ರಟ್ಟಿನ ಪೆಟ್ಟಿಗೆ ತೆರೆದು, ವಾಪಸು ಬಂದ ಕನ್ನಡಕಗಳನ್ನು ಒಂದೊಂದಾಗಿ ನಂಬರು ಅಳೆಯುವ ಯಂತ್ರದ ಕೆಳಗೆ ಹಿಡಿದಳು. ಮೈನಸ್ ಆರೂವರೆ. ಮೈನಸ್ ಆರೂವರೆ. ಮೈನಸ್ ಆರೂವರೆ. ಅವಳು ಅರೆದದ್ದರಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆಗ ಅವಳಿಗೆ ನಗು ಬಂತು. ಕಣ್ಣು ಮಂಜಾದವಳು ಮೂವತ್ತೊಂದು ತಪ್ಪು ಮಾಡಿದರೆ ಮೂವತ್ತೊಂದು ದಿಕ್ಕಿಗೆ ಮಾಡುತ್ತಾಳೆ. ಕುರುಡುಗಣ್ಣು ಇಷ್ಟು ಶಿಸ್ತಾಗಿ ತಪ್ಪುವುದಿಲ್ಲ.

ಮತ್ತೆ ಎಣಿಸಿದಳು. ಪೆಟ್ಟಿಗೆಯಲ್ಲಿದ್ದದ್ದು ಮೂವತ್ತೇ.

ಇನ್ನೊಂದೆಲ್ಲಿ? ಗಿರಣಿ ದೂರವಿರಲಿಲ್ಲ. ಗೇಟಿನಲ್ಲಿ ಕಾವಲುಗಾರ ನಿಂತಿದ್ದ, ಮೂಗಿನ ಮೇಲೆ ಅವಳದೇ ಕೈಕೆಲಸ: ನಡುವೆ ತೆಳು, ಅಂಚಿಗೆ ದಪ್ಪ. ದೂರದಿಂದಲೇ ಗುರುತು ಹಿಡಿದಳು.

“ವಾಪಸು ತಗೊಳ್ಳೋಕೆ ಬಂದ್ರಾ?” ಎಂದು ಅವನು ಎರಡೂ ಕೈಯಲ್ಲಿ ಕನ್ನಡಕ ಒತ್ತಿಹಿಡಿದ. “ಕೊಡಲ್ಲ. ಇಷ್ಟು ವರ್ಷ ಲಾರಿನೋ ಬಸ್ಸೋ ಅಂತ ಅದು ಗೇಟಿಗೆ ಗುದ್ದೋ ತನಕ ಗೊತ್ತಾಗ್ತಿರಲಿಲ್ಲ. ಈಗ ಅಗೋ, ಆ ತಿರುವಿನಲ್ಲಿ ಬರ್ತಿರೋ ಸೈಕಲ್ಲಿನವನು ಶೇವ್ ಮಾಡ್ಕೊಂಡಿಲ್ಲ. ಕಾಣ್ತಾ ಇದೆ. ಉಳಿದವರೆಲ್ಲ ಯಾಕೆ ಬೊಬ್ಬೆ ಹೊಡೀತಾರೋ ನನಗಂತೂ ಗೊತ್ತಿಲ್ಲಮ್ಮ.”

“ನಿಮ್ಮ ನಂಬರು ಎಷ್ಟು ಅಂತ ಹೇಳಿದ್ರು?”

“ಮೈನಸ್ ಆರೂವರೆ.”

“ಪರೀಕ್ಷೆಗೆ ಎಷ್ಟನೆಯವರಾಗಿ ಹೋದ್ರಿ?”

“ಕೊನೇಲಿ. ಗೇಟು ಬಿಟ್ಟು ಹೋಗೋಕಾಗುತ್ತಾ? ಎಲ್ಲರದ್ದೂ ಮುಗಿದ ಮೇಲೆ ನನ್ನದು. ಯಾವಾಗ್ಲೂ ಅಷ್ಟೇ.”

ಗಾಜಮ್ಮ ಅವನ ಕನ್ನಡಕದ ಕಡ್ಡಿಯನ್ನು ಕಿವಿಯ ಹಿಂದೆ ಸ್ವಲ್ಪ ಬಗ್ಗಿಸಿ ಸರಿಮಾಡಿ, “ಜೋಪಾನ. ಆ ಮೂವತ್ತೊಂದೂ ನಿಮ್ಮದೇ” ಎಂದು ಹೇಳಿ ಬಂದಳು. ಅವನು ಅರ್ಥವಾಗದೆ ಬಹಳ ಹೊತ್ತು ಅವಳನ್ನು ನೋಡುತ್ತ ನಿಂತ. ಈಗ ಅವನಿಗೆ ಬಹಳ ದೂರದವರೆಗೂ ಕಾಣುತ್ತಿತ್ತು.

ಬುಧವಾರ ಬೆಳಗ್ಗೆ ಅಂಗಡಿ ತೆರೆಯುತ್ತಿದ್ದಂತೆ ಅವಳು ಮೂರು ಖಾಲಿ ಟ್ರೇ ತಂದು ಯಜಮಾನರ ಮೇಜಿನ ಮೇಲೆ ಸಾಲಾಗಿ ಇಟ್ಟಳು.

“ಒಂದು ನಿಮ್ಮದು, ಹತ್ರಕ್ಕೆ ಪ್ಲಸ್ ಎರಡು. ಒಂದು ಅಳಿಯಂದಿರದ್ದು, ಮೈನಸ್ ಒಂದು. ಒಂದು ನನ್ನದು, ಪ್ಲಸ್ ಒಂದೂವರೆ. ಡಾಕ್ಟರಮ್ಮನ ಕಾಗದ ಇಲ್ಲಿದೆ, ಬೇಕಾದ್ರೆ ನೋಡ್ಕೊಳ್ಳಿ. ಮೂರನ್ನೂ ಒಂದೇ ಪಟ್ಟೀಲಿ ಹಾಕಿ. ಗಿರಣಿಯದ್ದು ಹಾಕಿದ ಹಾಗೇ. ನನ್ನದು ಕೊನೇಲಿರಲಿ.”

“ಇದೆಲ್ಲ ಯಾಕೆ ಆಂಟಿ, ನಾನು ಟೆಸ್ಟ್ ಮಾಡಿದೀನಿ...”

“ಎಷ್ಟು ಟ್ರೇ ಇಟ್ಟು ಟೆಸ್ಟ್ ಮಾಡಿದ್ರಿ?”

“ಒಂದು.”

“ಒಬ್ಬಳೇ ಓಡಿದ್ರೆ ನಾನೂ ಫಸ್ಟೇ. ಹಾಕಿ.”

ಹಾಕಿದ. ಯಜಮಾನರ ಟ್ರೇ ಹಿಡಿದಳು: ಪ್ಲಸ್ ಒಂದೂವರೆ. ಅಳಿಯನ ಟ್ರೇ: ಪ್ಲಸ್ ಒಂದೂವರೆ. ಅವಳದ್ದು: ಪ್ಲಸ್ ಒಂದೂವರೆ. ಯಜಮಾನರು ತಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

“ಈ ಪರದೆಗೂ ದೃಷ್ಟಿದೋಷ ಅಂತ ಬರೀತೀರಾ?” ಎಂದಳು. “ಈಗ ಅಳಿಯಂದಿರನ್ನ ಕೊನೇಲಿ ಹಾಕಿ.”

ಈ ಸಲ ಮೂವರಿಗೂ ಮೈನಸ್ ಒಂದು.

“ಇದೇನೋ ಇದು,” ಎಂದರು ಯಜಮಾನರು, “ಕೊನೇಲಿ ಬಂದವನದ್ದೇ ರಾಜ್ಯಭಾರ ಆಯ್ತಲ್ಲ.”

ಅಳಿಯನ ಇಸ್ತ್ರಿ ಅಂಗಿಯ ಕಂಕುಳು ಒದ್ದೆಯಾಗಿತ್ತು. “ಪಟ್ಟಿ ಸರಿ ಇದೆಯಲ್ಲ... ಪಟ್ಟಿ ಸರಿ ಇದೆ...”

“ಪಟ್ಟಿ ಸರಿ ಇದೆ. ಪಟ್ಟಿಯಿಂದ ಟ್ರೇಗೆ ಹೋಗೋ ದಾರೀಲಿ ಏನೋ ಆಗಿದೆ. ನೀವು ಬರೆದಿದ್ದನ್ನ ಓದಿ ಹೇಳಿ.”

“ನಿಮಗೆ ಅರ್ಥ ಆಗಲ್ಲ ಆಂಟಿ.”

“ನನಗೆ ಅರ್ಥ ಆಗದೇ ಇರೋದು ನನ್ನ ಕಷ್ಟ. ನೀವು ಓದಿ.” ಒಳಗಿನಿಂದ ತನ್ನ ಸ್ಟೂಲು ಎಳೆದು ತಂದು ಕೂತಳು.

ಅಳಿಯ ಓದಿದ. ಮೊದಮೊದಲು ಒಂದನೇ ತರಗತಿಯ ಮಗುವಿಗೆ ಹೇಳುವ ದನಿಯಲ್ಲಿ. “ಇಲ್ಲಿ ಮೇಲೆ ‘ನಂಬರು’ ಅಂತ ಒಂದು ವೇರಿಯಬಲ್. ವೇರಿಯಬಲ್ ಅಂದ್ರೆ ಹೆಸರು ಹಚ್ಚಿದ ಒಂದು ಜಾಗ, ಅದರೊಳಗೆ ಏನು ಬೇಕಾದ್ರೂ ಇಡಬಹುದು. ಆಮೇಲೆ ಲೂಪು. ಅದು ಪಟ್ಟೀಲಿ ಒಬ್ಬೊಬ್ಬರನ್ನೇ ತಗೊಂಡು ಅವರ ನಂಬರನ್ನ ಆ ಜಾಗದಲ್ಲಿ ಇಡುತ್ತೆ. ಇಟ್ಟು, ಅಲ್ಲೇ ಒಂದು ಫಂಕ್ಷನ್ ಮಾಡಿ ಟ್ರೇಗೆ ಕೊಡುತ್ತೆ.”

“ಫಂಕ್ಷನ್ ಅಂದ್ರೆ?”

“ಆಮೇಲೆ ಮಾಡಬೇಕಾದ ಕೆಲಸ. ‘ನಿನ್ನನ್ನ ಯಂತ್ರದ ಮುಂದೆ ಹಿಡಿದಾಗ ಹೋಗಿ ನಂಬರು ತಗೊಂಡು ಬಾ’ ಅಂತ.”

“ಅಂದ್ರೆ ಟ್ರೇಗೆ ನಂಬರು ಕೊಟ್ಟಿಲ್ಲ.”

“ನಂಬರು ತರೋ ಕೆಲಸ ಕೊಟ್ಟಿದೀನಿ. ಅದೇ ಅದರ ಮಜಾ ಆಂಟಿ. ಇದಕ್ಕೆ ಕ್ಲೋಷರ್ ಅಂತಾರೆ. ಫಂಕ್ಷನ್ನು ತಾನು ಹುಟ್ಟಿದ ಜಾಗದ ಹೆಸರುಗಳನ್ನೆಲ್ಲ ಜೊತೇಲಿ ಕಟ್ಟಿಕೊಂಡು ಹೋಗುತ್ತೆ. ಹುಟ್ಟಿಸಿದ ಲೂಪು ಮುಗಿದು ಹೋದ್ರೂ ಅದಕ್ಕೆ ಆ ಹೆಸರು ಸಿಗ್ತಾನೇ ಇರುತ್ತೆ.”

ಗಾಜಮ್ಮನಿಗೆ ಲಾರಿ ಡ್ರೈವರು ನೆನಪಾದ. ಬರೆದವಳು ಹೋದ ಮೇಲೂ ಉಳಿದಿದ್ದ ಚೀಟಿ ನೆನಪಾಯಿತು. ಇದು ಒಳ್ಳೆಯ ವಸ್ತುವೇ, ಹುಡುಗ ದಡ್ಡನಲ್ಲ ಎಂದುಕೊಂಡಳು. ಆದರೆ ಬಿಡಲಿಲ್ಲ.

“ಹೆಸರು ಕಟ್ಟಿಕೊಂಡು ಹೋಗುತ್ತೋ, ಒಳಗಿದ್ದ ನಂಬರನ್ನೋ?”

“ಹೆಸರು. ಅಂದ್ರೆ... ಆ ಜಾಗ.”

“ಯಂತ್ರದ ಮುಂದೆ ಹಿಡಿದಾಗ ಆ ಜಾಗಕ್ಕೆ ಹೋಗಿ ನೋಡುತ್ತೆ.”

“ಹ್ಞೂಂ.”

“ಮೂವತ್ತೊಂದು ಟ್ರೇಗೆ ಆ ಥರ ಜಾಗ ಎಷ್ಟು ಮಾಡಿದೀರಿ?”

ಅಳಿಯ ಪರದೆ ನೋಡಿದ. ಬೆರಳು ಮೇಲಿನ ಸಾಲಿಗೆ ಹೋಯಿತು, ಲೂಪಿನ ಹೊರಗೆ ಒಂಟಿಯಾಗಿ ನಿಂತಿದ್ದ ಆ ಸಾಲಿಗೆ.  

“ಒಂದು” ಎಂದ.

“ಒಂದೇ. ಎಲ್ಲರಿಗೂ ಕಾಣೋ ಹಾಗೆ, ಹೊರಗಡೆ. ಲೂಪು ಬರೆದದ್ದು, ಒರೆಸಿದ್ದು, ಬರೆದದ್ದು, ಒರೆಸಿದ್ದು. ನಾನು ಮೊದಲನೇ ಟ್ರೇ ಎತ್ತೋ ಹೊತ್ತಿಗೆ ಅಲ್ಲಿ ಉಳಿದಿದ್ದು ಕಾವಲುಗಾರನ ನಂಬರು.” ಅವಳು ಎದ್ದು ಒಳಗೆ ಹೋಗಿ, ನೀರಿನ ಡ್ರಮ್ಮಿನ ಮುಚ್ಚಳವಾಗಿದ್ದ ಹಳೇ ಸ್ಲೇಟನ್ನು ಎತ್ತಿಕೊಂಡು ಬಂದು, ತೊಟ್ಟಿಕ್ಕುತ್ತಿದ್ದುದನ್ನು ಹಾಗೆಯೇ ಅವನ ಕೀಲಿಮಣೆಯ ಪಕ್ಕ ಇಟ್ಟಳು. “ನಿಮ್ಮ ಮಾವನ ಅಪ್ಪ ಇದನ್ನ ಗೋಡೆಗೆ ಹಾಕಿದ್ರು. ನಾನು ಇಳಿಸಿದೆ. ನೀವು ಆರು ತಿಂಗಳು ಕೂತು ವಾಪಸು ಹಾಕಿದಿರಿ.”

ಯಜಮಾನರು ಕೆಮ್ಮಿದರು. “ಸರಿಮಾಡೋಕೆ ಎಷ್ಟು ದಿನ ಬೇಕು?”

ಅಳಿಯ ಆ ಒಂಟಿ ಸಾಲನ್ನು ಎತ್ತಿ ಲೂಪಿನ ಒಳಗೆ ಇಟ್ಟ. ಅಷ್ಟೇ. “ಈಗ ಪ್ರತಿ ಸುತ್ತಿಗೂ ಹೊಸ ‘ನಂಬರು’ ಹುಟ್ಟುತ್ತೆ,” ಎಂದ, ಈ ಸಲ ಮಗುವಿಗೆ ಹೇಳುವ ದನಿಯಲ್ಲಲ್ಲ. “ಅವರವರದ್ದು ಅವರವರಿಗೆ. ಒಬ್ಬರದ್ದು ಇನ್ನೊಬ್ಬರಿಗೆ ಕಾಣೋದೇ ಇಲ್ಲ. ಸ್ಕೋಪ್ ಅಂತಾರೆ. ಒಂದು ಹೆಸರು ಎಲ್ಲಿಂದ ಎಲ್ಲೀತನಕ ಕಾಣಬೇಕು ಅನ್ನೋ ಬೇಲಿ. ನಾನು ಬೇಲಿ ತೀರಾ ದೂರ ಹಾಕಿಬಿಟ್ಟಿದ್ದೆ.”

ಮೂರು ಟ್ರೇ ಹಿಡಿದಳು. ಪ್ಲಸ್ ಎರಡು. ಮೈನಸ್ ಒಂದು. ಪ್ಲಸ್ ಒಂದೂವರೆ. ಹಿಂದುಮುಂದಾಗಿ ಹಿಡಿದಳು, ಒಂದನ್ನೇ ಎರಡು ಸಲ ಹಿಡಿದಳು, ಚಹಾ ಕುಡಿದು ಬಂದು ಮತ್ತೆ ಹಿಡಿದಳು. ಯಾವುದೂ ತನ್ನ ನಂಬರು ಬಿಟ್ಟುಕೊಡಲಿಲ್ಲ.

ಯಜಮಾನರ ಮುಖ ತಿಳಿಯಾಯಿತು. ವ್ಯಾಪಾರಸ್ಥರ ಮುಖ ತಿಳಿಯಾದರೆ ಮುಂದಿನ ಮಾತು ಚೌಕಾಸಿಯದ್ದೇ. “ಮುಗೀತಲ್ಲ. ನಿಮ್ಮ ಹೆಸರು ತೆಗೀತೀನಿ ಗಾಜಮ್ಮ. ತಾಂತ್ರಿಕ ಕಾರಣದಿಂದ ಹೀಗಾಯಿತು ಅಂತ ಬರೆದು ಕಳಿಸೋಣ.”

“ತಾಂತ್ರಿಕ ಅನ್ನೋ ಹೆಸರಿನವರು ಇಲ್ಲಿ ಯಾರೂ ಕೆಲಸ ಮಾಡಲ್ಲ.”

“ಅಯ್ಯೋ, ಮನೆ ಅಳಿಯ ಕಣಮ್ಮ...”

“ನನ್ನ ಮೇಲೆ ಗೂಬೆ ಕೂರಿಸುವಾಗ ನಾನೂ ಯಾರದ್ದೋ ಮನೆಯವಳು ಅಂತ ನೆನಪಾಗಲಿಲ್ಲ. ದೃಷ್ಟಿದೋಷ ಅಂತ ಬಿಡಿಸಿ ಬರೆದಿದ್ರಿ. ಅಷ್ಟೇ ಬಿಡಿಸಿ ಇದನ್ನೂ ಬರೀರಿ. ಇಲ್ಲಾಂದ್ರೆ ಗಿರಣಿ ಗೇಟಿನಲ್ಲಿ ನಿಂತು ನಾನೇ ಹೇಳ್ತೀನಿ. ಅಲ್ಲಿ ನನಗೊಬ್ಬ ನೆಂಟ ಆಗಿದಾನೆ.”

ಯಜಮಾನರು ಅಳಿಯನನ್ನು ನೋಡಿದರು, ಅಳಿಯ ಒದ್ದೆ ಸ್ಲೇಟನ್ನು ನೋಡುತ್ತಿದ್ದ.

“ಅವರು ಹೇಳಿದ್ರು ಮಾವ” ಎಂದ ಮೆಲ್ಲಗೆ. “ಎರಡು ಸಲ ಬಂದಿದ್ರು. ನನಗೆ ನೆನಪಿದೆ.” ಆಮೇಲೆ ಹಾಳೆ ಎಳೆದುಕೊಂಡ. “ನಾನೇ ಬರೀತೀನಿ.”

ಬರೆದ. ಪ್ರೋಗ್ರಾಮಿನ ತಪ್ಪು, ತನ್ನದು. ಅರೆಯುವವರು ಎರಡು ಸಲ ಎಚ್ಚರಿಸಿದ್ದರು, ತಾನು ಕೇಳಲಿಲ್ಲ. ಓದಿ ಹೇಳಿದಾಗ ಗಾಜಮ್ಮ ಪೆನ್ನು ಕೇಳಿದಳು. ಕೆಳಗೆ ಒಂದು ಸಾಲು ತಾನೇ ಸೇರಿಸಿದಳು: ಅನುಮಾನ ಬಂದರೂ ಮೂರನೆಯ ಸಲ ಯಂತ್ರ ನಿಲ್ಲಿಸದೆ ಇದ್ದದ್ದು ನನ್ನ ತಪ್ಪು. ಅದರ ಕೆಳಗೆ ದೊಡ್ಡದಾಗಿ ಸಹಿ ಹಾಕಿದಳು.

“ಇದನ್ನ ಯಾರು ಕೇಳಿದ್ರು?” ಎಂದರು ಯಜಮಾನರು, ನಿಜವಾಗಿಯೂ ಗೊಂದಲದಲ್ಲಿ.

“ಯಾರೂ ಕೇಳಲಿಲ್ಲ. ನನ್ನದು ನನ್ನ ಟ್ರೇಲಿ ಇರಲಿ ಅಂತ.”

ಮೂವತ್ತು ಜೊತೆ ಮತ್ತೆ ಅರೆಯಲು ನಾಲ್ಕು ದಿನ ಹಿಡಿಯಿತು. ಮೊದಲನೆಯ ದಿನವೇ ಅವಳು ಮೇಲಿಟ್ಟಿದ್ದ ಚೀಟಿಯ ಡಬ್ಬಿಯನ್ನು ಇಳಿಸಿಕೊಂಡಿದ್ದಳು. ಪರದೆ ನಂಬರು ಹೇಳಿದಾಗ ಟ್ರೇಯಲ್ಲಿದ್ದ ಚೀಟಿಯ ಕಡೆ ಒಮ್ಮೆ ನೋಡುವಳು. ಎರಡೂ ಒಂದೇ ಆದರೆ ಯಂತ್ರ ಒತ್ತುವಳು.

“ಈಗ ಸರಿ ಇದೆಯಲ್ಲ ಆಂಟಿ, ಇನ್ನೂ ಯಾಕೆ ಚೀಟಿ?” ಎಂದು ಅಳಿಯ ಬಾಗಿಲಲ್ಲಿ ನಿಂತು ಕೇಳಿದ.

“ನೀವು ಸರಿ ಇರೋ ತನಕ ಇದು ಸುಮ್ಮನೆ ಮಲಗಿರುತ್ತೆ. ನಿಮಗೇನು ತೊಂದರೆ?”

ಅವನು ಒಳಗೆ ಬಂದು, ಮುಂದಿನ ಟ್ರೇಯ ಚೀಟಿ ತಾನೇ ಬರೆದಿಟ್ಟ. ಅಕ್ಷರ ಕೋಳಿ ಕೆದರಿದ ಹಾಗಿತ್ತು. ಗಾಜಮ್ಮ ಅದನ್ನು ಹರಿದು ಬೇರೆ ಬರೆಸಿದಳು.

ಶನಿವಾರ ಕೊನೆಯ ಜೊತೆ ಹೋದ ಮೇಲೆ ಅವಳು ಒಂದು ಖಾಲಿ ಟ್ರೇ ತೆಗೆದಳು. ದೃಷ್ಟಿದೋಷದ ಆ ಹಳೆಯ ಪತ್ರವನ್ನು, ಸಹಿಯ ಜಾಗ ಇನ್ನೂ ಬಿಳಿಯಾಗಿದ್ದದ್ದನ್ನು, ಸೊಂಟದಿಂದ ತೆಗೆದು ಅದರೊಳಗೆ ಇಟ್ಟಳು. ಡಾಕ್ಟರಮ್ಮನ ಕಾಗದದಿಂದ ತನ್ನ ನಂಬರನ್ನೂ ತಾರೀಖನ್ನೂ ಒಂದು ಚೀಟಿಗೆ ಇಳಿಸಿ ಮೇಲಿಟ್ಟಳು. ಸ್ಟೂಲು ಹತ್ತಿ ಟ್ರೇಯನ್ನು ಅಟ್ಟಕ್ಕೆ ತಳ್ಳಿದಳು, ಎಂದೋ ಲಾರಿ ಡ್ರೈವರನದ್ದು ಇದ್ದ ಜಾಗಕ್ಕೆ.

“ಯಾರದ್ದದು?” ಎಂದು ಪಾಲಿಶ್ ಮಾವ ಕೆಳಗಿನಿಂದ ಕೂಗಿದರು.

“ನನ್ನದು.”

“ಏನಂದೆ?”

ಗಾಜಮ್ಮ ಸ್ಟೂಲಿನಿಂದ ಇಳಿದು, ಅದರ ತಂತಿ ಬಿಗಿದು, ಯಂತ್ರದ ಮುಂದೆ ಎಳೆದುಕೊಂಡು ಕೂತಳು.